ಸ್ಟಾಫ್ ಮೀಟಿಂಗಿನ ಆ ಎರಡು ಗಂಟೆ: ಬ್ರಾಕ್ಟನ್ ಹೈಸ್ಕೂಲ್ ಪ್ರಕರಣ

2024ರ ಮೇ ತಿಂಗಳಲ್ಲಿ ಎಸ್‌ಎಸ್‌ಎಲ್‌ಸಿ ಫಲಿತಾಂಶ ಬಂದ ದಿನ ನನಗೆ ಚೆನ್ನಾಗಿ ನೆನಪಿದೆ. ಹಿಂದಿನ ವರ್ಷ ಶೇ. 83.89 ಇದ್ದ ರಾಜ್ಯದ ಫಲಿತಾಂಶ ಶೇ. 73.40ಕ್ಕೆ ಇಳಿದಿತ್ತು. ಅದೂ ಗ್ರೇಸ್ ಅಂಕಗಳನ್ನು ಜಾಸ್ತಿ ಮಾಡಿದ ಮೇಲೆ. ಇಲ್ಲದಿದ್ದರೆ ಹೆಚ್ಚುಕಮ್ಮಿ ಅರ್ಧದಷ್ಟು ಮಕ್ಕಳು ಮಾತ್ರ ಪಾಸಾಗುತ್ತಿದ್ದರು. ಆ ಸಲ ಪರೀಕ್ಷಾ ಕೊಠಡಿಗಳಲ್ಲಿ ಕ್ಯಾಮೆರಾ ಇಟ್ಟು ವೆಬ್‌ಕಾಸ್ಟಿಂಗ್ ಮಾಡಿದ್ದರು. ಕ್ಯಾಮೆರಾ ಬಂದ ವರ್ಷವೇ ಇಷ್ಟು ಇಳಿದಿದೆ ಅಂದರೆ ನಮ್ಮ ಮಕ್ಕಳಿಗೆ ನಿಜವಾಗಿ ಎಷ್ಟು ಬರುತ್ತದೆ ಎಂದು ಯೋಚಿಸಿ ಹೊಟ್ಟೆಯಲ್ಲಿ ಸಂಕಟವಾಯಿತು. ನಾನು ಸರ್ಕಾರಿ ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಡುವವಳು. ನಮ್ಮ ಶಾಲೆಯ ಫಲಿತಾಂಶವೂ ಇಳಿದಿತ್ತು. ಎಲ್ಲಕ್ಕಿಂತ ಜಾಸ್ತಿ ಇಳಿದದ್ದು ನನ್ನ ವಿಷಯದಲ್ಲೇ.

ಜೂನ್‌ನಲ್ಲಿ ಮೊದಲ ಸ್ಟಾಫ್ ಮೀಟಿಂಗ್ ಆಯಿತು. ಒಂದು ಗಂಟೆಯ ಮೇಲೆ ಹತ್ತು ನಿಮಿಷ ನಡೆಯಿತು. ಸುತ್ತೋಲೆಗಳನ್ನು ಓದಿದರು. ಮಕ್ಕಳ ವಿವರ ತುಂಬುವ ಸ್ಯಾಟ್ಸ್ ಆನ್‌ಲೈನ್ ವ್ಯವಸ್ಥೆಯಲ್ಲಿ ಯಾರ ಎಂಟ್ರಿ ಬಾಕಿ ಇದೆ, ಹಾಲು ಮೊಟ್ಟೆಯ ಲೆಕ್ಕ ಯಾರು ಬರೆಯಬೇಕು, ಶೂ ಸಾಕ್ಸ್ ಅಳತೆ ಯಾವಾಗ ಎಂದೆಲ್ಲ ಮಾತಾಯಿತು. ಕೊನೆಗೆ ಫಲಿತಾಂಶ ಕಡಿಮೆ ಬಂದ ವಿಷಯದವರು ಸಮಜಾಯಿಷಿ ಬರೆದುಕೊಡಬೇಕು ಎಂದರು. ಇದರಲ್ಲಿ ಯಾರದೂ ತಪ್ಪಿಲ್ಲ. ಮೇಲಿನಿಂದ ಕೇಳುತ್ತಾರೆ, ಕೊಡಲೇಬೇಕು. ಆದರೆ ಆ ಎಪ್ಪತ್ತು ನಿಮಿಷದಲ್ಲಿ ಒಂದು ಮಾತು ಮಾತ್ರ ಬರಲಿಲ್ಲ. ಭಿನ್ನರಾಶಿಯೇ ಬಾರದ ಹತ್ತನೇ ಕ್ಲಾಸಿನ ಹುಡುಗನಿಗೆ ವರ್ಗ ಸಮೀಕರಣ ಕಲಿಸುವುದು ಹೇಗೆ?

ಮನೆಗೆ ಹೋಗುವಾಗ ಬಸ್ಸಿನಲ್ಲಿ, ಹಿಂದೆ ಯಾವಾಗಲೋ ಓದಿ ಗುರುತು ಹಾಕಿಕೊಂಡಿದ್ದ ಅಮೆರಿಕದ ಒಂದು ಶಾಲೆಯ ಕಥೆ ನೆನಪಾಯಿತು. ಆ ರಾತ್ರಿ ಮತ್ತೆ ಕೂತು ಓದಿದೆ. ಮುಖ್ಯಸ್ಥರ ಸ್ಥಾನದಲ್ಲಿ ಇರುವವರು ಏನು ಮಾಡಿದರೆ ಟೀಚರುಗಳ ಪಾಠ ಬದಲಾಗುತ್ತದೆ ಎಂದು ತಿಳಿಯಲು ನನಗೆ ಇಷ್ಟು ಉಪಯೋಗವಾದ ಪ್ರಕರಣ ಬೇರೆ ಸಿಕ್ಕಿಲ್ಲ. ಅದಕ್ಕೇ ಇಲ್ಲಿ ಪೂರ್ತಿಯಾಗಿ ಬರೆಯುತ್ತಿದ್ದೇನೆ.

ಶಾಲೆ ಹೇಗಿತ್ತು

ಬ್ರಾಕ್ಟನ್ ಇರುವುದು ಮ್ಯಾಸಚೂಸೆಟ್ಸ್ ರಾಜ್ಯದಲ್ಲಿ, ಬಾಸ್ಟನ್ ನಗರದ ದಕ್ಷಿಣಕ್ಕೆ. ಒಂದು ಕಾಲಕ್ಕೆ ಅದು ಶೂ ಕಾರ್ಖಾನೆಗಳ ಊರು. ಬಾಕ್ಸಿಂಗ್ ಚಾಂಪಿಯನ್ ರಾಕಿ ಮಾರ್ಸಿಯಾನೊ ಹುಟ್ಟಿದ ಊರು ಕೂಡ. ಕಾರ್ಖಾನೆಗಳು ಮುಚ್ಚಿದ ಮೇಲೆ ಬಡತನ ಬಂತು. ಕೇಪ್ ವರ್ಡ್, ಹೈಟಿ ದೇಶಗಳಿಂದ ವಲಸೆ ಬಂದವರು ಅಲ್ಲಿ ನೆಲೆಸಿದರು. ಊರಿನ ಸರ್ಕಾರಿ ಹೈಸ್ಕೂಲಿನಲ್ಲಿ ಆಗ ನಾಲ್ಕು ಸಾವಿರಕ್ಕೂ ಜಾಸ್ತಿ ಮಕ್ಕಳು, ಸುಮಾರು 300 ಟೀಚರುಗಳು. ಹೆಚ್ಚಿನ ಮಕ್ಕಳು ಬಡವರ ಮನೆಯವರು. ಎಷ್ಟೋ ಮಕ್ಕಳಿಗೆ ಇಂಗ್ಲಿಷ್ ಮನೆಮಾತೂ ಅಲ್ಲ.

1993ರಲ್ಲಿ ಆ ರಾಜ್ಯ ಒಂದು ಶಿಕ್ಷಣ ಸುಧಾರಣಾ ಕಾಯ್ದೆ ತಂದಿತು. ಅದರಂತೆ 1998ರಲ್ಲಿ ಎಂಕ್ಯಾಸ್ ಎಂಬ ರಾಜ್ಯಮಟ್ಟದ ಪರೀಕ್ಷೆ ಶುರುವಾಯಿತು. 2003ರಲ್ಲಿ ಶಾಲೆ ಮುಗಿಸುವ ಮಕ್ಕಳಿಂದ ಹಿಡಿದು, ಇದರಲ್ಲಿ ಪಾಸಾಗದವರಿಗೆ ಹೈಸ್ಕೂಲ್ ಪ್ರಮಾಣಪತ್ರವೇ ಇಲ್ಲ ಎಂದರು. ಮೊದಲ ಪರೀಕ್ಷೆಯಲ್ಲೇ ಬ್ರಾಕ್ಟನ್‌ನ ಸ್ಥಿತಿ ಬಯಲಾಯಿತು. ಇಂಗ್ಲಿಷಿನಲ್ಲಿ ಶೇ. 44 ಮಕ್ಕಳು ಫೇಲ್, ಗಣಿತದಲ್ಲಿ ಶೇ. 75. ಮೂರರಲ್ಲಿ ಒಬ್ಬರು ಓದು ಮುಗಿಸುವ ಮೊದಲೇ ಶಾಲೆ ಬಿಡುತ್ತಿದ್ದರು. ನಮ್ಮ ಕ್ಯಾಮೆರಾ ವರ್ಷದ ಹಾಗೇ ಅಲ್ವಾ? ಅಲ್ಲಿಯವರೆಗೆ ಕಾಣದೆ ಇದ್ದದ್ದು ಒಂದೇ ದಿನದಲ್ಲಿ ಕಂಡಿತು.

ಮಕ್ಕಳಿಗೆ ಬೇಕಿದ್ದರೆ ಫೇಲಾಗುವ ಹಕ್ಕೂ ಇದೆ ಎಂಬ ಮಾತು ಆ ಶಾಲೆಯಲ್ಲಿ ಓಡಾಡುತ್ತಿತ್ತಂತೆ. ಕೇಳಿದಾಗ ಮೈ ಜುಮ್ಮೆನ್ನಿಸುತ್ತದೆ. ಆದರೆ ನಮ್ಮ ಸ್ಟಾಫ್‌ರೂಮಿನಲ್ಲಿ ನಾವು ಆಡುವ 'ಏನ್ ಮಾಡೋದು, ಮನೇಲಿ ಓದೋ ವಾತಾವರಣ ಇಲ್ಲ, ತಳಪಾಯವೇ ಇಲ್ಲ' ಎಂಬ ಮಾತಿಗೂ ಅದಕ್ಕೂ ಹೆಚ್ಚು ದೂರವಿಲ್ಲ. ನಾನೇ ಎಷ್ಟೋ ಸಲ ಆಡಿದ್ದೇನೆ.

ಶನಿವಾರ ಬೆಳಿಗ್ಗೆ ಕೂತವರು

ಸೂಸನ್ ಸ್ಯಾಕೊವಿಟ್ಸ್ ಆ ಶಾಲೆಯಲ್ಲಿ ಇತಿಹಾಸ ಹೇಳುತ್ತಿದ್ದವರು. ಓದಿದ್ದೂ ಅದೇ ಶಾಲೆಯಲ್ಲಿ. ಆಗ ಅವರು ಪ್ರಿನ್ಸಿಪಾಲ್ ಆಗಿರಲಿಲ್ಲ, ಆದದ್ದು 2004ರಲ್ಲಿ. ಇಂಗ್ಲಿಷ್ ವಿಭಾಗದ ಮುಖ್ಯಸ್ಥ ಪಾಲ್ ಲಾರಿನೊ ಮತ್ತು ಸೂಸನ್ ಸೇರಿ, ಬರುವ ಮನಸ್ಸಿದ್ದ ಟೀಚರುಗಳನ್ನು ಶನಿವಾರ ಬೆಳಿಗ್ಗೆ ಕೂರಿಸಿಕೊಂಡು ಮಾತಾಡತೊಡಗಿದರು. ಇದೇ ಮುಂದೆ ಶಾಲೆಯ ಪುನರ್‌ರಚನಾ ಸಮಿತಿಯಾಗಿ ಗಟ್ಟಿಯಾಯಿತು. ಇವರ ಯೋಜನೆಯನ್ನು ಇಡೀ ಶಾಲೆಗೆ ಹರಡಲು ಆಗಿನ ಆಡಳಿತದವರು ಒಪ್ಪಿಗೆ ಕೊಟ್ಟರು.

ನಾಯಕತ್ವ ಅಂದ ಕೂಡಲೇ ನಾವು ಎಚ್‌ಎಂ, ಅಂದರೆ ಮುಖ್ಯ ಶಿಕ್ಷಕರ ಕುರ್ಚಿಯ ಕಡೆ ನೋಡುತ್ತೇವೆ. ಬ್ರಾಕ್ಟನ್‌ನಲ್ಲಿ ಕೆಲಸ ಹುಟ್ಟಿದ್ದು ಟೀಚರುಗಳ ಮೇಜಿನಲ್ಲಿ. ಕುರ್ಚಿಯಲ್ಲಿದ್ದವರು ಮಾಡಿದ್ದು 'ಸರಿ, ಮಾಡಿ' ಎಂದದ್ದು, ಆಮೇಲೆ ಅಡ್ಡ ಬರದೆ ಇದ್ದದ್ದು. ನಾನು ಇದನ್ನು ಸಣ್ಣ ಕೆಲಸ ಎಂದು ತಿಳಿಯುವುದಿಲ್ಲ. ಇಡೀ ಶಾಲೆಯ ಮಾನ ಹರಾಜಾಗಿರುವ ಹೊತ್ತಿನಲ್ಲಿ ಕೆಳಗಿನವರಿಗೆ ಅಧಿಕಾರ ಬಿಟ್ಟುಕೊಡಲು ಗುಂಡಿಗೆ ಬೇಕು.

ಸಮಿತಿಯ ಮೊದಲ ತೀರ್ಮಾನ ತುಂಬ ಸರಳವಾಗಿತ್ತು. ಓದುವುದು, ಬರೆಯುವುದು, ಮಾತಾಡುವುದು, ತರ್ಕ ಮಾಡುವುದು. ಈ ನಾಲ್ಕನ್ನು ಪ್ರತಿಯೊಂದು ಕ್ಲಾಸಿನಲ್ಲೂ, ಪ್ರತಿಯೊಂದು ವಿಷಯದವರೂ ಕಲಿಸಬೇಕು. ವಿಜ್ಞಾನ, ಗಣಿತ, ದೈಹಿಕ ಶಿಕ್ಷಣ, ಯಾರಿಗೂ ವಿನಾಯಿತಿ ಇಲ್ಲ. ಅದರಲ್ಲೂ ಮೊದಲು ಹಿಡಿದದ್ದು ಬರವಣಿಗೆಯನ್ನು. ಒಂದು ಪ್ರಶ್ನೆಗೆ ವಿವರವಾಗಿ ಉತ್ತರ ಬರೆಯುವುದಕ್ಕೆ ಹತ್ತು ಹೆಜ್ಜೆಗಳ ಒಂದು ಕ್ರಮ ಮಾಡಿದರು. ಪ್ರಶ್ನೆಯನ್ನು ನಿಧಾನವಾಗಿ ಓದು, ಮುಖ್ಯ ಪದಗಳಿಗೆ ಗೆರೆ ಎಳೆ, ಪ್ರಶ್ನೆಯನ್ನೇ ನಿನ್ನ ವಾಕ್ಯವಾಗಿ ತಿರುಗಿಸಿಕೋ, ಆಮೇಲೆ ಪಾಠದ ಭಾಗ ಓದಿ ಟಿಪ್ಪಣಿ ಮಾಡು, ಬರೆದ ಮೇಲೆ ಮತ್ತೆ ಓದಿ ತಿದ್ದು. ಹೀಗೆ. ಒಳ್ಳೆಯ ಉತ್ತರ ಹೇಗಿರಬೇಕು ಎಂಬುದಕ್ಕೆ ಎಲ್ಲರಿಗೂ ಒಂದೇ ಅಳತೆಯ ಪಟ್ಟಿ ಮಾಡಿದರು. ಯಾವ ವಿಭಾಗ ಯಾವ ಸಮಯದಲ್ಲಿ ಇದನ್ನು ಕಲಿಸಬೇಕು ಎಂದು ವೇಳಾಪಟ್ಟಿ ಹಾಕಿದರು. ಹಾಗಾಗಿ ಒಬ್ಬ ಮಗು ವರ್ಷದಲ್ಲಿ ಅದೇ ಕ್ರಮವನ್ನು ಬೇರೆಬೇರೆ ಟೀಚರುಗಳ ಬಾಯಿಂದ ಮತ್ತೆ ಮತ್ತೆ ಕೇಳುತ್ತಿತ್ತು, ಮತ್ತೆ ಮತ್ತೆ ಬರೆಯುತ್ತಿತ್ತು.

ಎರಡು ಗಂಟೆ

ಈಗ ನನ್ನ ಮನಸ್ಸಿಗೆ ನಾಟಿದ ಭಾಗಕ್ಕೆ ಬರುತ್ತೇನೆ.

300 ಟೀಚರುಗಳಿಗೆ ಇದನ್ನು ಕಲಿಸುವುದು ಯಾವಾಗ? ಅಲ್ಲಿ ಶಿಕ್ಷಕರ ಸಂಘದ ಜೊತೆ ಒಪ್ಪಂದ ಇರುತ್ತದೆ, ಅದಕ್ಕಿಂತ ಒಂದು ನಿಮಿಷ ಜಾಸ್ತಿ ಕೂರಿಸುವ ಹಾಗಿಲ್ಲ. ಆ ಒಪ್ಪಂದದಲ್ಲಿ ತಿಂಗಳಿಗೆ ಎರಡು ಗಂಟೆ ಮೀಟಿಂಗಿಗೆ ಎಂದು ಇತ್ತು. ಅಲ್ಲಿಯವರೆಗೆ ಆ ಎರಡು ಗಂಟೆ ಶಾಲೆಯ ದಿನನಿತ್ಯದ ಸಣ್ಣಪುಟ್ಟ ವಿಷಯಗಳಿಗೆ ಹೋಗುತ್ತಿತ್ತು. ಥೇಟ್ ನಮ್ಮ ಸುತ್ತೋಲೆ ಓದುವ ಹಾಗೆ.

ಸಮಿತಿ ಆ ಎರಡು ಗಂಟೆಯನ್ನು ಟೀಚರುಗಳ ಕಲಿಕೆಗೆ ಎಂದು ಎತ್ತಿಟ್ಟಿತು. ಮೊದಲು ವಿಭಾಗದ ಮುಖ್ಯಸ್ಥರಿಗೆ ಕಲಿಸಿದರು. ಆಮೇಲೆ ಉಳಿದವರಿಗೆ ಸಣ್ಣ ಸಣ್ಣ ಗುಂಪುಗಳಲ್ಲಿ. ಒಂದು ವಿಷಯದಲ್ಲಿ ಮಾತ್ರ ಬಹಳ ಎಚ್ಚರ ವಹಿಸಿದರು. ಹೇಳಿದ ಸಮಯಕ್ಕಿಂತ ಒಂದು ನಿಮಿಷವೂ ಮುಂದೆ ಹೋಗುತ್ತಿರಲಿಲ್ಲ. ಸಮಿತಿಯಲ್ಲಿ ಇದ್ದವರೂ ಬಹುತೇಕ ಸಂಘದ ಸದಸ್ಯರೇ. ಹಾಗಾಗಿ ಸಂಘ ಇವರಿಗೆ ಎದುರು ನಿಲ್ಲಲಿಲ್ಲ.

ಹೊಸದಾಗಿ ದುಡ್ಡು ಕೇಳಲಿಲ್ಲ, ಟೀಚರುಗಳ ಭಾನುವಾರ ಕಿತ್ತುಕೊಳ್ಳಲಿಲ್ಲ. ಎಲ್ಲರೂ ಹೇಗೂ ಕೂರುತ್ತಿದ್ದ ಎರಡು ಗಂಟೆಯ ಒಳಗೆ ಏನು ನಡೆಯಬೇಕು ಎಂಬುದನ್ನು ಬದಲಿಸಿದರು. ನಾನು ಇದನ್ನು ಓದಿ ಪುಸ್ತಕ ಮುಚ್ಚಿ ಸ್ವಲ್ಪ ಹೊತ್ತು ಸುಮ್ನೆ ಕೂತಿದ್ದೆ. ನಮ್ಮ ಶಾಲೆಯಲ್ಲೂ ಆ ಗಂಟೆ ಇದೆಯಲ್ಲ!

ಕ್ಲಾಸಿನಲ್ಲಿ ಕಂಡದ್ದು

ವಿಜ್ಞಾನದ ಟೀಚರ್ ಒಬ್ಬರು ಮಕ್ಕಳಿಗೆ ಸ್ಯಾಂಡ್‌ವಿಚ್ ಮಾಡುವುದನ್ನು ಹೆಜ್ಜೆ ಹೆಜ್ಜೆಯಾಗಿ ಬರೆಯಿರಿ ಎಂದರಂತೆ. ಕಪಾಟಿನ ಬಾಗಿಲು ತೆಗೆಯುವುದರಿಂದ ಶುರು, ಚಾಕು ತೊಳೆದಿಡುವಲ್ಲಿಗೆ ಮುಗಿಯಬೇಕು. ಇದೇನು ವಿಜ್ಞಾನವಾ ಎಂದು ಅನಿಸಬಹುದು. ಪ್ರಯೋಗದ ವಿಧಾನ ಬರೆಯುವಾಗ ನಮ್ಮ ಮಕ್ಕಳು ನೇರವಾಗಿ 'ಬಿಸಿ ಮಾಡಬೇಕು, ನೀಲಿ ಬಣ್ಣ ಬರುತ್ತದೆ' ಎಂದು ಬರೆದುಬಿಡುತ್ತಾರೆ. ಏನನ್ನು, ಯಾವುದರಲ್ಲಿ, ಮೊದಲು ಏನು ಮಾಡಿ ಎಂಬುದೆಲ್ಲ ಬಿಟ್ಟುಹೋಗಿರುತ್ತದೆ. ಆ ಟೀಚರ್ ಹಿಡಿದದ್ದು ಆ ಬಿಟ್ಟುಹೋದ ಜಾಗವನ್ನು.

ಗಣಿತದ ಕ್ಲಾಸಿನ ಉದಾಹರಣೆ ನನಗೆ ಇನ್ನೂ ಹತ್ತಿರದ್ದು. ಟೀಚರ್ ಬೋರ್ಡಿನ ಮೇಲೆ 3 + 7² − 6 × 3 − 11 ಎಂದು ಬರೆದರು. ಲೆಕ್ಕ ಮಾಡಿ, ಜೊತೆಗೆ ಪ್ರತಿ ಹೆಜ್ಜೆಯಲ್ಲೂ ಏನು ಮಾಡಿದಿರಿ ಎಂದು ಸರಳ ವಾಕ್ಯಗಳಲ್ಲಿ ಬರೆಯಿರಿ ಎಂದರು. ಒಬ್ಬ ಹುಡುಗಿ ಮೊದಲು ಏಳನ್ನು ವರ್ಗ ಮಾಡಿದೆ ಎಂದು ಶುರುಮಾಡಿ, ಆರು ಮೂರಲಿ ಗುಣಿಸಿದ್ದು, ಮೂರಕ್ಕೆ ನಲವತ್ತೊಂಬತ್ತು ಕೂಡಿದ್ದು ಎಲ್ಲ ಬರೆದಳು. ಹದಿನೆಂಟು ಮತ್ತು ಹನ್ನೊಂದು ಎರಡೂ ಋಣ ಸಂಖ್ಯೆಗಳಾದ್ದರಿಂದ ಒಟ್ಟಿಗೆ ಸೇರಿಸಿದೆ ಎಂದು ಕಾರಣವನ್ನೂ ಕೊಟ್ಟಳು. ಉತ್ತರ 23. ಕೆಲವು ಮಕ್ಕಳು ತಿಣುಕಾಡಿದರು, ಪಾಠ ಎಳೆಯಿತು. ಅಂದುಕೊಂಡದ್ದಕ್ಕಿಂತ ಜಾಸ್ತಿ ಹೊತ್ತು ಹಿಡಿಯಿತು, ಆದರೂ ವ್ಯರ್ಥವಾಗಲಿಲ್ಲ ಎಂದು ಆ ಟೀಚರ್ ಹೇಳಿಕೊಂಡಿದ್ದಾರೆ.

ಇಪ್ಪತ್ತು ವರ್ಷದಿಂದ ಗಣಿತ ಹೇಳಿಕೊಡುತ್ತಿರುವ ನನಗೆ ಆ 'ಎರಡೂ ಋಣ ಸಂಖ್ಯೆಗಳಾದ್ದರಿಂದ' ಎಂಬ ತುಂಡು ಚಿನ್ನದ ಹಾಗೆ ಕಾಣುತ್ತದೆ. ನನ್ನ ಮಕ್ಕಳ ಉತ್ತರ ಪತ್ರಿಕೆಯಲ್ಲಿ ತಪ್ಪು ಉತ್ತರ ಸಿಗುತ್ತದೆ, ಸರಿ ಉತ್ತರವೂ ಸಿಗುತ್ತದೆ. ಯಾಕೆ ಹಾಗೆ ಮಾಡಿದೆ ಎಂಬುದು ಮಾತ್ರ ಸಿಗುವುದಿಲ್ಲ. ಅದು ಸಿಕ್ಕಿದರೆ ಎಲ್ಲಿ ಎಡವಿದ್ದಾನೆ ಎಂದು ಗೊತ್ತಾಗುತ್ತದೆ, ನಾಳೆಯ ಪಾಠ ಎಲ್ಲಿಂದ ಶುರುಮಾಡಬೇಕು ಎಂದೂ ಗೊತ್ತಾಗುತ್ತದೆ.

ಒಪ್ಪದವರು

ಎಲ್ಲರೂ ಕೈ ಎತ್ತಿ ಒಪ್ಪಲಿಲ್ಲ. ಇದೂ ಬರುತ್ತದೆ ಹೋಗುತ್ತದೆ ಎಂದುಕೊಂಡವರು ಇದ್ದರು. ಕೆಲಸದ ಹೊರೆ ಜಾಸ್ತಿಯಾಗುತ್ತದೆ ಎಂದು ಹೆದರಿದವರು ಇದ್ದರು. ದೈಹಿಕ ಶಿಕ್ಷಣದ ಕೆಲವರು, ಇದು ಆಟದ ಪೀರಿಯಡ್ಡು, ನಾವ್ಯಾಕೆ ಬರವಣಿಗೆ ಕಲಿಸಬೇಕು ಎಂದು ಕೇಳಿದರು. ಆಗ ಆ ವಿಭಾಗದ ಮುಖ್ಯಸ್ಥರಾಗಿದ್ದ ಮೈಕಲ್ ಥಾಮಸ್ ಅವರ ಉತ್ತರ ನೇರವಾಗಿತ್ತು: ಈ ಶಾಲೆಯಲ್ಲಿ ಕೆಲಸ ಮಾಡಬೇಕು ಅಂದರೆ ಇದೂ ನಿಮ್ಮ ಕೆಲಸವೇ.

ಅದೇ ಹೊತ್ತಿಗೆ, ನನಗೆ ಇದು ಕಷ್ಟ, ಬರುವುದಿಲ್ಲ ಎಂದವರಿಗೆ ಸಮಿತಿಯವರು 'ಬನ್ನಿ, ನಾನು ಜೊತೆಗೆ ಬರುತ್ತೇನೆ' ಎನ್ನುತ್ತಿದ್ದರು. ಕಲಿಸಿ ಬಿಟ್ಟುಬಿಡಲೂ ಇಲ್ಲ. ವಿಭಾಗದ ಮುಖ್ಯಸ್ಥರು ಆ ಪಾಠ ನಡೆಯುವಾಗ ಕ್ಲಾಸಿಗೆ ಹೋಗಿ ನೋಡುತ್ತಿದ್ದರು. ಮಕ್ಕಳು ಬರೆದದ್ದನ್ನು ತರಿಸಿಕೊಂಡು ಅದೇ ಅಳತೆಯ ಪಟ್ಟಿಯಲ್ಲಿ ನೋಡುತ್ತಿದ್ದರು.

ನಾನು ಬೇರೆಬೇರೆ ಮುಖ್ಯ ಶಿಕ್ಷಕರ ಕೈಕೆಳಗೆ ಕೆಲಸ ಮಾಡಿದ್ದೇನೆ. ಗಟ್ಟಿಯಾಗಿ ಹೇಳುವವರು ಸಿಕ್ಕಿದ್ದಾರೆ. ಮೃದುವಾಗಿ ನೋಡಿಕೊಳ್ಳುವವರೂ ಸಿಕ್ಕಿದ್ದಾರೆ. ಬಿಡುವ ಹಾಗಿಲ್ಲ ಎಂದು ಹೇಳಿ, ಆಮೇಲೆ ಪಕ್ಕದಲ್ಲಿ ನಿಂತವರು ಒಬ್ಬರೇ. ನಾನು ಕೆಲಸಕ್ಕೆ ಸೇರಿದ ಮೊದಲ ವರ್ಷ, ನನ್ನ ಎಂಟನೇ ಕ್ಲಾಸಿನ ಹಿಂದಿನ ಬೆಂಚಿನಲ್ಲಿ ಬಂದು ಕೂತ ಹೆಡ್‌ಮಾಸ್ಟರ್. ಪಾಠ ಮುಗಿದ ಮೇಲೆ ಲಾಗ್ ಬುಕ್ಕಿನಲ್ಲಿ 'ಉತ್ತಮ' ಎಂದು ಗೀಚಿ ಹೋಗಲಿಲ್ಲ. 'ಮೇಡಂ, ಎಡಗಡೆ ಸಾಲಿನ ಹುಡುಗರಿಗೆ ಇವತ್ತು ನೀವು ಒಂದೂ ಪ್ರಶ್ನೆ ಕೇಳಲಿಲ್ಲ, ನಾಳೆ ಕೇಳಿ ನೋಡಿ, ನಾನು ಬರ್ತೀನಿ' ಎಂದರು. ಮಾರನೇ ದಿನ ನಿಜಕ್ಕೂ ಬಂದರು. ಇವತ್ತಿಗೂ ಕ್ಲಾಸಿಗೆ ಕಾಲಿಟ್ಟ ಕೂಡಲೇ ನನ್ನ ಕಣ್ಣು ಎಡಗಡೆ ಸಾಲಿಗೆ ಹೋಗುತ್ತದೆ.

ನ್ಯೂಜಿಲೆಂಡಿನ ವಿವಿಯನ್ ರಾಬಿನ್ಸನ್ ಮತ್ತು ಜೊತೆಗಾರರು 2008ರಲ್ಲಿ, ಅಲ್ಲಿಯವರೆಗಿನ ಅಧ್ಯಯನಗಳನ್ನು ಒಟ್ಟಿಗೆ ಇಟ್ಟು ಶಾಲಾ ಮುಖ್ಯಸ್ಥರ ಐದು ಬಗೆಯ ಕೆಲಸಗಳಲ್ಲಿ ಯಾವುದು ಮಕ್ಕಳ ಕಲಿಕೆಗೆ ಎಷ್ಟು ತಟ್ಟುತ್ತದೆ ಎಂದು ನೋಡಿದರು. ಅವರ ಅಳತೆಯಲ್ಲಿ ಅಂಕೆ ದೊಡ್ಡದಾದಷ್ಟೂ ಪರಿಣಾಮ ಜಾಸ್ತಿ. ಶಿಸ್ತಿನ ವಾತಾವರಣ ಕಾಯುವುದರ ಪರಿಣಾಮ 0.27, ಸಂಪನ್ಮೂಲ ಹೊಂದಿಸುವುದರದು 0.31. ಟೀಚರುಗಳ ಕಲಿಕೆಯನ್ನು ನಡೆಸುವುದು ಮತ್ತು ಮುಖ್ಯಸ್ಥರು ತಾವೂ ಅದರಲ್ಲಿ ಕೂರುವುದು, ಇದರ ಪರಿಣಾಮ 0.84. ಐದರಲ್ಲಿ ಎಲ್ಲಕ್ಕಿಂತ ದೊಡ್ಡದು. ನಮ್ಮಲ್ಲಿ ಒಳ್ಳೆಯ ಎಚ್‌ಎಂ ಯಾರು ಎಂದು ಕೇಳಿದರೆ ಕಾಂಪೌಂಡ್ ಕಟ್ಟಿಸಿದವರು, ದಾನಿಗಳಿಂದ ಕಂಪ್ಯೂಟರ್ ತಂದವರು, ಶಿಸ್ತಿನಲ್ಲಿ ಇಟ್ಟವರು ಎನ್ನುತ್ತೇವೆ. ಅವೂ ಬೇಕು. ಆದರೆ ಟೀಚರುಗಳ ಜೊತೆ ಕೂತು ಪಾಠದ ಬಗ್ಗೆ ಕಲಿತವರು ಎಂದು ನಾವು ಯಾರನ್ನೂ ಹೊಗಳುವುದಿಲ್ಲ.

ಫಲ, ಮತ್ತು ಆಮೇಲೆ

2001ರ ಪರೀಕ್ಷೆಯಲ್ಲಿ, ಹಿಂದಿನ ಸಲ ಫೇಲಾಗಿ ಈ ಸಲ ಪಾಸಾದ ಮಕ್ಕಳು ಇಡೀ ಮ್ಯಾಸಚೂಸೆಟ್ಸ್‌ನಲ್ಲಿ ಬೇರೆಲ್ಲ ಶಾಲೆಗಳಿಗಿಂತ ಜಾಸ್ತಿ ಇದ್ದದ್ದು ಬ್ರಾಕ್ಟನ್‌ನಲ್ಲಿ. 2009 ಮತ್ತು 2010ರ ಹೊತ್ತಿಗೆ ರಾಜ್ಯದ ಶೇ. 90 ಹೈಸ್ಕೂಲುಗಳಿಗಿಂತ ಮುಂದಿತ್ತು. ಹಾರ್ವರ್ಡ್‌ನ ರೊನಾಲ್ಡ್ ಫರ್ಗ್ಯುಸನ್ ಅವರ ತಂಡ 2010ರಲ್ಲಿ ಮಾದರಿ ಎನ್ನಬಹುದಾದ 15 ಹೈಸ್ಕೂಲುಗಳ ಬಗ್ಗೆ ವರದಿ ತಂದಾಗ ಅದರಲ್ಲಿ ಬ್ರಾಕ್ಟನ್ ಕೂಡ ಇತ್ತು. ಮಕ್ಕಳು ಅದೇ ಬಡ ಮನೆಗಳಿಂದ ಬರುತ್ತಿದ್ದರು, ಪಾಠ ಹೇಳುವವರೂ ಬಹುಪಾಲು ಮೊದಲಿನವರೇ.

ನನಗೆ ಒಂದು ಅನುಮಾನ ಇದ್ದೇ ಇದೆ. ಹತ್ತು ಹೆಜ್ಜೆಯ ಬರವಣಿಗೆ ಪರೀಕ್ಷೆಯ ಪ್ರಶ್ನೆಗೆ ಹೊಂದುವಂತೆ ಮಾಡಿದ್ದು. ಇದು ಕಲಿಕೆಯಾ, ಪರೀಕ್ಷೆಯ ತಯಾರಿಯಾ? ಆ ರಾಜ್ಯದ ಮತದಾರರೂ 2024ರ ನವೆಂಬರಿನಲ್ಲಿ, ಎಂಕ್ಯಾಸ್ ಪಾಸಾದರೆ ಮಾತ್ರ ಪ್ರಮಾಣಪತ್ರ ಎಂಬ ನಿಯಮವನ್ನು ಬೇಡ ಎಂದರು. ಆದರೂ ಯಾಕೆ ಎಂದು ಬರೆಯಲು ಕಲಿತ ಹುಡುಗಿಗೆ ಪರೀಕ್ಷೆ ಮುಗಿದ ಮೇಲೂ ಏನೋ ಕೈಯಲ್ಲಿ ಉಳಿಯುತ್ತದೆ. ಹತ್ತು ಮಾದರಿ ಪ್ರಶ್ನೆಪತ್ರಿಕೆ ಉರು ಹೊಡೆದವನಿಗೆ ಉಳಿಯುವುದಕ್ಕಿಂತ ಜಾಸ್ತಿಯೇ.

ಸೂಸನ್ 2013ರಲ್ಲಿ ನಿವೃತ್ತರಾದರು. ಆಮೇಲಿನ ಸುದ್ದಿಯನ್ನು ಬರೆಯದೆ ಬಿಟ್ಟರೆ ಪ್ರಕರಣ ಅರ್ಧವಾಗುತ್ತದೆ. 2024ರ ಫೆಬ್ರವರಿಯಲ್ಲಿ ಅದೇ ಬ್ರಾಕ್ಟನ್ ಹೈಸ್ಕೂಲಿನಲ್ಲಿ ಹೊಡೆದಾಟ, ಗಲಾಟೆ ಎಷ್ಟು ಮಿತಿಮೀರಿತ್ತು ಎಂದರೆ, ಊರಿನ ಶಾಲಾ ಸಮಿತಿಯ ನಾಲ್ವರು ಸದಸ್ಯರು ನ್ಯಾಷನಲ್ ಗಾರ್ಡ್ ಸೈನಿಕರನ್ನು ಕರೆಸಿ ಎಂದು ಕೇಳಿದರು. ಬಜೆಟ್ಟಿನಲ್ಲಿ ಕೋಟಿಗಟ್ಟಲೆ ಡಾಲರ್ ಕೊರತೆ, ಟೀಚರುಗಳ ಕೊರತೆ, ಗೈರುಹಾಜರಿ. ಓದಿದಾಗ ಗಂಟಲು ಕಟ್ಟಿತು. ಇದಕ್ಕೆ ಒಬ್ಬ ಪ್ರಿನ್ಸಿಪಾಲ್ ಹೋದದ್ದೇ ಕಾರಣ ಎಂದು ನಾನು ಹೇಳಲಾರೆ. ನಡುವೆ ಕೋವಿಡ್ ಬಂದು ಹೋಯಿತು. ದುಡ್ಡಿಲ್ಲದೆ, ಟೀಚರುಗಳೇ ಇಲ್ಲದೆ ಯಾವ ಮೀಟಿಂಗು ಏನು ಮಾಡೀತು? ಬ್ರಾಕ್ಟನ್‌ನ ಏಳಿಗೆಯನ್ನು ತೋರಿಸಿ 'ಎಚ್‌ಎಂ ಗಟ್ಟಿ ಇದ್ದರೆ ಸಾಕು' ಎಂದು ಮೇಲಿನವರು ಹೇಳಿದರೆ ಅದನ್ನು ನಾನು ಒಪ್ಪುವುದಿಲ್ಲ. ನಮ್ಮಲ್ಲಿ ಎಷ್ಟೋ ಶಾಲೆಗಳಲ್ಲಿ ಪ್ರಭಾರ ಮುಖ್ಯ ಶಿಕ್ಷಕರೇ ಇದ್ದಾರೆ. ತಮ್ಮ ವಿಷಯದ ಪೀರಿಯಡ್ಡೂ ತೆಗೆದುಕೊಳ್ಳಬೇಕು, ಬಿಸಿಯೂಟದ ಲೆಕ್ಕವೂ ಬರೆಯಬೇಕು, ಬಿಇಒ ಕಚೇರಿಗೂ ಓಡಬೇಕು. ಅವರ ಮೇಜಿನ ಮೇಲಿಂದ ಕಾಗದ ಇಳಿಸದೆ ಕ್ಲಾಸಿನಲ್ಲಿ ಹೋಗಿ ಕೂರಿ ಎಂದರೆ ಹೇಗೆ?

ನಮ್ಮ ಶನಿವಾರ

ಆ ಜುಲೈನಲ್ಲಿ ನಮ್ಮ ಎಚ್‌ಎಂ ಮೇಡಂ ಹತ್ತಿರ ಹೋಗಿ ಬ್ರಾಕ್ಟನ್ ವಿಷಯ ಹೇಳಿದೆ. ಅವರು ಪೂರ್ತಿ ಕೇಳಿ, ಕನ್ನಡಕ ತೆಗೆದು ಮೇಜಿನ ಮೇಲೆ ಇಟ್ಟು, 'ಸುತ್ತೋಲೆಗಳನ್ನ ಗ್ರೂಪಿಗೆ ಹಾಕಿಬಿಡ್ತೀನಿ, ಓದ್ಕೊಳ್ಳಿ. ಶನಿವಾರ ಬೆಳಗಿನ ಶಾಲೆ ಮುಗಿದ ಮೇಲೆ ಮುಕ್ಕಾಲು ಗಂಟೆ ನಿಮ್ದು' ಎಂದರು.

ಮೊದಲ ಶನಿವಾರ ನಾನು ಹತ್ತನೇ ಕ್ಲಾಸಿನ ಬೋರ್ಡಿನ ಮೇಲೆ ಅದೇ ಲೆಕ್ಕ ಬರೆದೆ. 3 + 7² − 6 × 3 − 11. ಎಲ್ಲರಿಗೂ ಒಂದೊಂದು ಹಾಳೆ ಕೊಟ್ಟೆ. ಎಚ್‌ಎಂ ಮೇಡಮ್ಮಿಗೂ ಕೊಟ್ಟೆ. ಅವರು ಎರಡನೇ ಬೆಂಚಿನಲ್ಲಿ ಪಿ.ಇ. ಸರ್ ಪಕ್ಕ ಕೂತರು. ಕನ್ನಡದ ಮೇಡಂ ಚಕಚಕ ಬರೆದರು. ಸಮಾಜದ ಸರ್ ಮೂರಕ್ಕೆ ಏಳು ಕೂಡಿ, ಹತ್ತನ್ನು ವರ್ಗ ಮಾಡಿ, 'ನೂರು ಬರುತ್ತಲ್ಲ ಮೇಡಂ, ಆಮೇಲೆ?' ಎಂದರು. ಯಾರೂ ನಗಲಿಲ್ಲ. ಯಾಕೆ ಮೊದಲು ಕೂಡಿದಿರಿ ಅಂತ ಒಂದು ವಾಕ್ಯ ಬರೀರಿ ಸರ್ ಎಂದೆ. ಅವರು ಪೆನ್ನು ಹಿಡಿದು ಬಹಳ ಹೊತ್ತು ಯೋಚಿಸಿ ಬರೆದರು: 'ಎಡಗಡೆಯಿಂದ ಓದಿಕೊಂಡು ಬಂದದ್ದರಿಂದ.'

ನನ್ನ ಹತ್ತನೇ ಕ್ಲಾಸಿನಲ್ಲಿ ಹಾಗೆ ಮಾಡುವ ಹನ್ನೊಂದು ಮಕ್ಕಳಿದ್ದರು. ಎಷ್ಟು ಸಲ ಹೇಳಿದರೂ ಯಾಕೆ ತಪ್ಪುತ್ತಾರೆ ಎಂದು ನನಗೆ ಹೊಳೆದೇ ಇರಲಿಲ್ಲ. ಕನ್ನಡ ಓದುವ ಹಾಗೆ ಲೆಕ್ಕವನ್ನೂ ಎಡದಿಂದ ಬಲಕ್ಕೆ ಓದಿಕೊಂಡು ಹೋಗುತ್ತಿದ್ದರು, ಅಷ್ಟೇ. ನಾನು ಅದನ್ನು ಬೋರ್ಡಿನ ಮೇಲೆ ಬರೆಯುತ್ತಿದ್ದ ಹಾಗೇ ಎಚ್‌ಎಂ ಮೇಡಂ ಗೋಡೆ ಗಡಿಯಾರ ನೋಡಿ ಎದ್ದು ನಿಂತರು. 'ಮುಕ್ಕಾಲು ಗಂಟೆ ಆಯ್ತು. ಸೋಮವಾರ ಮೂರನೇ ಪೀರಿಯಡ್ ನಿಮ್ದೇ ಅಲ್ವಾ ಮೇಡಂ? ಈ ಹನ್ನೊಂದು ಮಕ್ಕಳಿಗೆ ಹೇಗೆ ಹೇಳ್ತೀರಿ ನೋಡ್ಬೇಕು, ಹಿಂದೆ ಒಂದು ಜಾಗ ಇಟ್ಟಿರಿ' ಎಂದರು.